ಎರಡು ಬೇರಿನ ಹಲ್ಲು

"ಹಲ್ಲು ತಾನಾಗಿ ಬಿತ್ತಾ, ಯಾರಾದ್ರೂ ಕಿತ್ರಾ?"

ಡಾಕ್ಟರ್ ಪ್ರಮೀಳಾ ಬೆಕ್ಕಿನ ಬಾಯಿಂದ ಟಾರ್ಚು ಸರಿಸದೆಯೇ ಕೇಳಿದಳು. ತೀರ್ಥೇಶ್ ಅದರ ಮುಂಗಾಲು ಹಿಡಿದುಕೊಂಡಿದ್ದ. ಸೊರಬದ ಪಶು ಆಸ್ಪತ್ರೆಯ ಆ ಮೇಜು ಕುರಿ, ಕರುಗಳ ಅಳತೆಯದು. ಬೆಕ್ಕು ಅದರ ಒಂದು ಮೂಲೆಯಲ್ಲಿ ಯಾರೋ ಮರೆತುಹೋದ ಟವೆಲಿನಂತೆ ಬಿದ್ದಿತ್ತು.

"ತಾನಾಗೇ ಬಿತ್ತು," ಎಂದ.

ಎಷ್ಟು ಸಲೀಸಾಗಿ ಬಂತು ಸುಳ್ಳು. ಹದಿನೇಳು ವರ್ಷದಿಂದ ಶಿಕಾರಿಪುರದಲ್ಲಿ ಊರವರ ಹಲ್ಲು ಕೀಳುತ್ತಿರುವವನಿಗೆ, ಬೆಕ್ಕಿನ ಒಂದು ಹಲ್ಲು ಕಿತ್ತೆ ಎಂದು ಹೇಳಲು ಆಗಲಿಲ್ಲ.

ಆರು ವಾರದ ಹಿಂದೆ ಕಿತ್ತಿದ್ದ. ಬೆಕ್ಕು ಅನ್ನ ಮೂಸಿ ಬಿಟ್ಟುಬಿಡುತ್ತಿತ್ತು. ಬಾಯಿ ನಾರುತ್ತಿತ್ತು. ಕೆಳದವಡೆಯ ಒಂದು ಹಲ್ಲಿನ ಬುಡ ಕೆಂಪಗೆ ಊದಿತ್ತು. ಹಲ್ಲಿನ ಡಾಕ್ಟರಿಗೆ ಅದು ಹಲ್ಲಿನ ರೋಗವಾಗಿ ಕಾಣದೆ ಇನ್ನೇನಾಗಿ ಕಾಣಬೇಕು? ಟವೆಲಿನಲ್ಲಿ ಸುತ್ತಿ, ಮರಗಟ್ಟುವ ಇಂಜೆಕ್ಷನ್ನು ಚೂರೇ ಚೂರು ಕೊಟ್ಟು ಇಕ್ಕಳ ಹಾಕಿದ. ಹಲ್ಲು ಗಟ್ಟಿಯಾಗಿತ್ತು. ಅವನ ಮಣಿಕಟ್ಟು ನೋಯುವವರೆಗೆ ಸತಾಯಿಸಿ, ಎರಡೂ ಬೇರಿನ ಸಮೇತ ಹೊರಬಂತು. ಚೊಕ್ಕ ಕೆಲಸ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ತಟ್ಟುವವರು ಬೇರೆ ಯಾರೂ ಇರಲಿಲ್ಲ. ಗಾಯ ಮಾತ್ರ ಮಾಯಲೇ ಇಲ್ಲ.

"ನೀವೇ ಕಿತ್ತಿದ್ದಲ್ಲ ತಾನೆ?" ಪ್ರಮೀಳಾ ನಕ್ಕಳು.

"ಛೆ, ಇಲ್ಲ."

ಅವಳು ಟಾರ್ಚು ಆರಿಸಿದಳು. "ಹಾಗಾದ್ರೆ ಕಷ್ಟ. ನೋಡಿದ್ರೆ ಕ್ಯಾನ್ಸರ್ ಥರಾನೇ ಇದೆ. ತಾನಾಗಿ ಬಿದ್ದಿದೆ ಅಂದ್ರೆ ಒಳಗೆ ಮೂಳೇನ ತಿಂದಾಗಿದೆ. ಗಟ್ಟಿ ಹಲ್ಲನ್ನ ಯಾರೋ ಕಿತ್ತಿದ್ರೆ ಬೇರೆ ಮಾತು, ಶಿವಮೊಗ್ಗಕ್ಕೆ ಕಳಿಸ್ತಿದ್ದೆ. ಎಕ್ಸ್‌ರೇ ನೋಡಿ, ಆ ಕಡೆ ದವಡೆ ಅಷ್ಟು ತೆಗೆದುಬಿಡ್ತಾರೆ. ಅಪರೂಪಕ್ಕೆ ಒಂದೊಂದು ಉಳ್ಕೊಳ್ತವೆ."

"ಈಗ?"

"ಈಗ ಯಾಕೆ ಅದಕ್ಕೆ ಸುಮ್ನೆ ಅಷ್ಟು ದೂರದ ಹಿಂಸೆ."

ಒಂದೇ ಮಾತು. 'ನಾನೇ ಕಿತ್ತೆ, ಹಲ್ಲು ಗಟ್ಟಿಯಾಗಿತ್ತು.' ನಾಲಿಗೆಯ ತುದಿಯಲ್ಲೇ ಇತ್ತು. ಅಲ್ಲೇ ಉಳಿಯಿತು.

ಹೋದ ವರ್ಷ ಇದೇ ಬೆಕ್ಕಿನ ಕಿವಿಯ ತುದಿಗಳಲ್ಲಿ ಹುಣ್ಣಾದಾಗ ಇವಳೇ ಕತ್ತರಿಸಿ ಗುಣ ಮಾಡಿದ್ದಳು. ಬಿಳಿ ಬೆಕ್ಕಿಗೆ ಬಿಸಿಲೇ ಶತ್ರು, ಚರ್ಮದ ಕ್ಯಾನ್ಸರು ಮೊದಲು ಕಿವಿಗೆ, ಮೂಗಿಗೆ ಬರುತ್ತದೆ ಎಂದು ಚಹಾ ತರಿಸಿ ಅರ್ಧ ಗಂಟೆ ಮಾತಾಡಿದ್ದಳು. "ನಿಮ್ಮಂಥವರಿಗೆ ಬಿಡಿಸಿ ಹೇಳೋದೇ ಬೇಕಾಗಲ್ಲ ಡಾಕ್ಟ್ರೇ" ಎಂದಿದ್ದಳು. ತೀರ್ಥೇಶನ ಬಳಿ ಬರುವವರು ಬಾಯಿ ತೆರೆಯುತ್ತಾರೆ. ತೆರೆದ ಬಾಯಲ್ಲಿ ಮಾತಾಡಲಾಗುವುದಿಲ್ಲ. ಬಾಯಿ ಮುಚ್ಚಿದ ಮೇಲೆ ಎದ್ದು ಹೋಗುತ್ತಾರೆ. ಆ ಅರ್ಧ ಗಂಟೆಯ ಆಸೆಗೇ ಅವನು ತನ್ನೂರಿನ ಪಶು ಆಸ್ಪತ್ರೆ ಬಿಟ್ಟು ಸೊರಬದ ತನಕ ಬಂದಿದ್ದ. ಈಗ ಅವಳೆದುರು ದಡ್ಡನಾಗಬೇಕೆ?

"ಸಂಜೆ ಶಿಕಾರಿಪುರಕ್ಕೆ ಬರೋದಿದೆ, ಅಕ್ಕನ ಮನೆಗೆ," ಎಂದಳು ಪ್ರಮೀಳಾ. "ಹಾಗೇ ಬಂದು ಕೊನೇ ಇಂಜೆಕ್ಷನ್ ಕೊಟ್ಟು ಹೋಗ್ತೀನಿ. ತನ್ನ ಜಾಗದಲ್ಲೇ ಮಲಗಲಿ ಪಾಪ. ಅಲ್ಲೀತನಕ ನೋವಿಗೆ ಈ ಹನಿ ಹಾಕಿ. ಆಗಬಹುದಾ?"

"ಆಗಬಹುದು."

ಅವಳು ತನ್ನಲ್ಲಿಗೆ ಬರುತ್ತಾಳೆ ಎಂಬುದಷ್ಟೇ ಒಂದು ಗಳಿಗೆ ತಲೆಯಲ್ಲಿ ನಿಂತಿತು. ಮನೆಯಲ್ಲಿ ಒಡೆಯದ ಚಹಾ ಕಪ್ಪು ಎರಡಾದರೂ ಇವೆಯೇ ಎಂದು ಯೋಚಿಸಿದ. ಯೋಚಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಲೆಕ್ಕ ಬಿಡಲಿಲ್ಲ: ಎರಡಿದ್ದವು.

ಬಸ್ಸಿನಲ್ಲಿ ಬೆಕ್ಕಿನ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಶಿರಾಳಕೊಪ್ಪದಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು, ಪೆಟ್ಟಿಗೆಯ ತೂತುಗಳನ್ನು ನೋಡಿದಳು.

"ಕೋಳಿ ಏನ್ರಿ?"

"ಹೂಂ."

ಬೆಳಗಿನಿಂದ ಇದು ಮೂರನೆಯ ಸುಳ್ಳು. ಬೆಕ್ಕು ಒಳಗಿಂದ ಒಮ್ಮೆ ಕೂಗಿತು. ಹೆಂಗಸು ಮುಖ ತಿರುಗಿಸಿ ಮೆಕ್ಕೆಜೋಳದ ಹೊಲ ನೋಡತೊಡಗಿದಳು.

ಅವನ ಮನೆಯೂ ಆಗಿದ್ದ ಮಹಡಿಯ ಮೇಲಿನ ಕ್ಲಿನಿಕ್ಕಿನ ಬೆಂಚಿನಲ್ಲಿ ತಾಳಗುಂದದ ಗುತ್ಯಮ್ಮ ಕಾಯುತ್ತಿದ್ದಳು. ಮುಂದಿನ ಹಲ್ಲೊಂದು ನೇತಾಡುತ್ತಿತ್ತು. "ಕಿತ್ತುಬಿಡ್ರೀ ಡಾಕ್ಟ್ರೇ. ರೊಟ್ಟಿ ತಿನ್ನಾಕ ಬಿಡವಲ್ದು."

ಅವಳ ವಸಡನ್ನು ಅವನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದ. ಏನೂ ಇರಲಿಲ್ಲ, ಬರಿಯ ವಯಸ್ಸು. ಹಲ್ಲು ಹಣ್ಣಿನ ಬೀಜದಂತೆ ಸುಮ್ಮನೆ ಬಂತು.

"ಬೆಕ್ಕಿಗೆ ಏನಾಗೇತ್ರಿ?" ಉಗುಳಿ ಬಾಯಿ ಒರೆಸಿಕೊಂಡು, ಕಿಟಕಿಯ ಕಟ್ಟೆಯ ಮೇಲೆ ಮಲಗಿದ್ದ ಬೆಕ್ಕನ್ನು ನೋಡಿ ಗುತ್ಯಮ್ಮ ಕೇಳಿದಳು.

"ಹಲ್ಲು ನೋವು."

"ನೀವ ಕೀಳ್ರಲ್ಲ ಮತ್ತ."

"ಹತ್ತಿ ಕಚ್ಚಿಕೊಳ್ಳಿ. ಮಾತಾಡಬೇಡಿ."

ಹತ್ತಿ ಕಚ್ಚಿಕೊಂಡೇ ಅವಳು ತಟ್ಟೆಯ ಕಡೆ ಕೈ ಮಾಡಿದಳು. ತನ್ನ ಹಲ್ಲು ತನಗೆ ಬೇಕು. ಮನೆಯ ಹೆಂಚಿನ ಮೇಲೆ ಎಸೆಯಬೇಕು. ಈ ವಯಸ್ಸಿನಲ್ಲಿ ಬೇರೆ ಹುಟ್ಟೀತೇ ಎಂದು ಅವನ ಮುಖ ಕೇಳಿತೇನೋ, ಹತ್ತಿ ತೆಗೆದು ಹೇಳಿದಳು: "ಬರೂದಿಲ್ಲಂತ ಗೊತ್ತೈತ್ರಿ. ಆದ್ರೂ ನಂದು ಅಲ್ಲೇನು, ಅದು."

ಕಾಗದದಲ್ಲಿ ಸುತ್ತಿ ಕೊಟ್ಟ. ಅವಳು ಇಳಿದುಹೋದ ಮೇಲೆ ಮೇಜಿನ ಡ್ರಾಯರು ಎಳೆದ. ಬೆಕ್ಕಿನ ಹಲ್ಲು ಪುಟ್ಟ ಡಬ್ಬಿಯಲ್ಲಿತ್ತು. ಎರಡು ಬೇರು, ಎಲ್ಲೂ ಮುರಿಯದೆ, ತಿನ್ನಿಸಿಕೊಳ್ಳದೆ. ಅದರ ಒಂದು ಫೋಟೋ ತೆಗೆದ. ಪ್ರಮೀಳಾಳ ನಂಬರಿಗೆ ಕಳಿಸಲೆಂದು ಜೋಡಿಸಿದ. ಕೆಳಗೆ 'ಕ್ಷಮಿಸಿ' ಎಂದು ಬರೆದ, ಅಳಿಸಿದ. 'ಒಂದು ಅನುಮಾನ' ಎಂದು ಬರೆದ. ಅದನ್ನೂ ಅಳಿಸಿದ. ಕೊನೆಗೆ ಫೋಟೋ ಅಳಿಸಿ, ಕಪ್ಪು ತೊಳೆಯಲು ಹೋದ.

ಸಂಜೆ ಕಿಟಕಿಯ ಬಿಸಿಲು ಹೋಯಿತು. ಬೆಕ್ಕು ಕಿಟಕಿಯ ಕಟ್ಟೆಯ ಮೇಲೆ ತನ್ನ ಜಾಗವನ್ನು ಮೂಸಿ ನೋಡಿ, ತಣ್ಣಗಿದ್ದುದರಿಂದ ಇಳಿದು ಬಂತು. ತೀರ್ಥೇಶ್ ಅದನ್ನೆತ್ತಿ ರೋಗಿಗಳ ಕುರ್ಚಿಯ ಮೇಲೆ ಮಲಗಿಸಿ ದೀಪ ಹಾಕಿದ. ಬೆಕ್ಕು ಮೈ ಚಾಚಿ, ತುದಿಯಿಲ್ಲದ ಕಿವಿಗಳನ್ನು ಬೆಳಕಿಗೊಡ್ಡಿ, ಕಣ್ಣು ಮುಚ್ಚಿತು. ಅದಕ್ಕೆ ಇದೂ ಬಿಸಿಲೇ. ಬಾಯಿ ಮುಚ್ಚಲಾಗುತ್ತಿರಲಿಲ್ಲ.

ಅವನಿಗೆ ತಡೆಯಲಾರದಷ್ಟು ಸಂಕಟವಾಯಿತು. ಈ ಮನೆಯಲ್ಲಿ ಅವನ ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತುವ ಜೀವ ಇದೊಂದೇ. ಡಬ್ಬಿಯಿಂದ ಹಲ್ಲು ತೆಗೆದು ಬಲಗೈ ಮುಷ್ಟಿಯಲ್ಲಿಟ್ಟುಕೊಂಡ. ಅವಳು ಬಂದ ಕೂಡಲೇ ತೋರಿಸುವುದು. ಆಮೇಲೆ ಅವಳು ಏನು ಬೇಕಾದರೂ ಅಂದುಕೊಳ್ಳಲಿ.

ಫೋನು ಬಂತು. "ಬೋರ್ಡು ಕಾಣ್ತಿದೆ. ಮೇಲೇನಾ?"

"ಹೌದು, ಬನ್ನಿ."

ಪ್ರಮೀಳಾ ಬಂದಳು. ಸುತ್ತ ನೋಡಿ, "ಚೆನ್ನಾಗಿ ಇಟ್ಕೊಂಡಿದೀರಿ," ಎಂದಳು. ಅವನು ಥ್ಯಾಂಕ್ಸ್ ಎಂದ. ಅವಳು ಚೀಲ ತೆರೆದು ಮದ್ದು ಸಿರಿಂಜಿಗೆ ಎಳೆದುಕೊಂಡಳು.

"ಬೆಳಿಗ್ಗೆ ಹಿಡ್ಕೊಂಡಿದ್ರಲ್ಲ, ಹಾಗೇ ಸ್ವಲ್ಪ ಹಿಡ್ಕೊಳ್ಳಿ."

ಹಿಡಿಯಬೇಕಾದರೆ ಮುಷ್ಟಿ ಬಿಚ್ಚಬೇಕು. ಅವನು ಎಡಗೈಯನ್ನಷ್ಟೇ ಬೆಕ್ಕಿನ ಬೆನ್ನ ಮೇಲಿಟ್ಟ. ಅಂಗೈಯಲ್ಲಿ ಎರಡು ಬೇರುಗಳು ಚುಚ್ಚಿದವು.

"ಆ ಕೈಗೇನಾಯ್ತು?"

"ಏನಿಲ್ಲ."

ಅವಳು ಒಂದು ಕ್ಷಣ ಅವನ ಮುಷ್ಟಿಯನ್ನು ನೋಡಿದಳು, ಆಮೇಲೆ ಮುಖವನ್ನು. "ಏನಾದ್ರೂ ಹೇಳೋದಿತ್ತಾ ಡಾಕ್ಟ್ರೇ?"

ತೀರ್ಥೇಶ್ ಬಾಯಿ ತೆರೆದ. ಬಗ್ಗಿ ನಿಂತಿದ್ದರಿಂದ ದೀಪ ನೇರ ಅವನ ಬಾಯೊಳಗೆ ಬಿದ್ದಿತು. ಕೆಳಗೆ ಬೆಕ್ಕಿನ ಬಾಯಿಯೂ ತೆರೆದೇ ಇತ್ತು. ಎರಡರಿಂದಲೂ ಸದ್ದು ಹೊರಡಲಿಲ್ಲ. ಪ್ರಮೀಳಾ ಸೂಜಿ ಹಿಡಿದು, ಅವನು ಇಷ್ಟು ವರ್ಷ ನಿಂತಿದ್ದ ಜಾಗದಲ್ಲೇ ಕಾಯುತ್ತ ನಿಂತಳು.