ಅಂಗಿಯ ಹಾಡಿನ ಮೂರನೆಯ ಚರಣ

ಹರ್ಷೆಲ್ ಟ್ಯಾಕೆಟ್ ಹಾಡಲು ಶುರುಮಾಡಿದ್ದೇ ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅಮೆರಿಕದ ಕೆಂಟಕಿಯ ನಮ್ಮ ಕಣಿವೆಯಲ್ಲಿ ಶಾಲೆಯ ಬಸ್ಸು ಓಡಿಸಿಕೊಂಡಿದ್ದ. ರೇಡಿಯೋದಲ್ಲಿ ಬರುವ ಈಗಿನ ‘ಕಂಟ್ರಿ’ ಎಂಬ ಹಳ್ಳಿಹಾಡುಗಳ ಗದ್ದಲಕ್ಕೆ ರೋಸಿಹೋಗಿ, ತನ್ನ ಗಿಟಾರು, ನನ್ನ ಪಿಟೀಲು ಇಷ್ಟೇ ಇಟ್ಟುಕೊಂಡು ಹಿಂದಿನವರ ಹಾಗೆ ಹಾಡತೊಡಗಿದ. ಶನಿವಾರ ಸಂಜೆ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಜನ ಬೀನ್ಸ್ ಕಾಳಿನ ಸಾರು ಕುಡಿಯುತ್ತ ಕೇಳುತ್ತಿದ್ದರು.

ಅಲ್ಲೇ ಒಮ್ಮೆ ತಾನು ಕಟ್ಟಿದ ಹೊಸ ಹಾಡು ಹಾಡಿದ. ಕಲ್ಲಿದ್ದಲು ಗಣಿಗೆ ಹೋದ ಗಂಡ ತಿರುಗಿ ಬರುವುದಿಲ್ಲ. ಹೆಂಡತಿ ಒಗೆದ ಅಂಗಿ ತಂತಿಯ ಮೇಲೆ ಹಾಗೇ ಇದೆ. ಎರಡೇ ಚರಣ. ಮುಗಿಯುತ್ತಲೇ ಮುಂದಿನ ಸಾಲಿನಿಂದ ನಮ್ಮೂರಿನ ಓಮಾ ಅಜ್ಜಿ ಎದ್ದಳು.

"ನಮ್ಮಪ್ಪನ ಹಾಡು ನಿಂಗೆಲ್ಲಿ ಸಿಕ್ತೋ?"

ಹರ್ಷೆಲ್ ನಕ್ಕ. "ಇಲ್ಲ ಅಜ್ಜಿ, ಸೌದೆ ಒಡೀತಾ ನಾನೇ ಕಟ್ಟಿದ್ದು."

"ಹಂಗಾದ್ರೆ ಮೂರನೇ ಚರಣ ಯಾಕ್ ನುಂಗಿಬಿಟ್ಟೆ?" ಎಂದವಳೇ ಹಾಡಿಬಿಟ್ಟಳು. ಹೆಂಡತಿ ಆ ಅಂಗಿಯನ್ನು ತಾನೇ ತೊಟ್ಟು ಆಲೂಗಡ್ಡೆ ಅಗೆಯಲು ಹೋಗುತ್ತಾಳೆ. ಹರ್ಷೆಲ್‌ನ ಎರಡು ಚರಣಗಳಿಗಿಂತ ಚೆನ್ನಾಗಿತ್ತು.

ಮನೆಗೆ ಹೋಗುವಾಗ ಹರ್ಷೆಲ್ ಟ್ರಕ್ಕನ್ನು ದಾರಿ ಬದಿಗೆ ನಿಲ್ಲಿಸಿದ.

"ಅವಳಪ್ಪ ನಮ್ಮ ಜಗಲಿಗೆ ಬಂದು ಹಾಡ್ತಿದ್ನಂತೆ, ನಾನು ಚಿಕ್ಕವನಿದ್ದಾಗ. ಅದೇ ಒಳಗೆ ಕೂತಿತ್ತೇನೋ."

"ನೀನು ಒಂದೊಂದೇ ಪದ ಹುಡುಕಿ ಕಟ್ಟಿದ್ದನ್ನ ನಾನೇ ನೋಡಿದ್ದೀನಲ್ಲೋ."

"ಹುಡುಕ್ತಿದ್ನೋ, ನೆನಪು ಮಾಡ್ಕೋತಿದ್ನೋ? ಹೆಂಗೆ ಗೊತ್ತಾಗುತ್ತೆ ಹೇಳು."

"ನಾಳೆ ಅವಳನ್ನೇ ಕೇಳೋಣ," ಎಂದೆ.

ಮರುದಿನ ಓಮಾಳ ಮನೆಗೆ ಹೋದೆವು. ಮಗಳು ರೋಂಡಾ ಬಾಗಿಲಲ್ಲೇ ತಡೆದಳು. "ಅಮ್ಮಂಗೆ ಮರೆವು ಜಾಸ್ತಿಯಾಗಿದೆ. ಚರ್ಚಲ್ಲಿ ಪಾದ್ರಿ ಬಾಯಿ ಬಿಟ್ರೂ ಅದು ನಮ್ಮಪ್ಪನ ಮಾತು ಅಂತಾಳೆ. ತಲೆ ಕೆಡಿಸ್ಕೋಬೇಡಿ."

"ಮತ್ತೆ ಆ ಚರಣ ಎಲ್ಲಿಂದ ಬಂತು?" ಎಂದ ಹರ್ಷೆಲ್. ರೋಂಡಾಗೂ ಗೊತ್ತಿರಲಿಲ್ಲ. ಒಳಗೆ ಹೋಗಿ ಓಮಾಳನ್ನೇ ಕೇಳಿದರೆ, "ಯಾವ ಅಂಗಿ?" ಎಂದು ನಮ್ಮನ್ನೇ ಕೇಳಿದಳು.

ಅವನು ಹಾಡುವುದನ್ನೇ ಬಿಟ್ಟ. ತನ್ನ ಉಳಿದ ಹಾಡುಗಳೂ ಯಾರದೋ ಏನೋ ಎಂಬ ಅನುಮಾನ ಹತ್ತಿತ್ತು. ಕೊನೆಗೆ ರೇಡಿಯೋದವರು ನಮ್ಮ ಶನಿವಾರದ ಹಾಡುಗಳ ಧ್ವನಿಮುದ್ರಣಕ್ಕೆ ಬಂದಾಗ, ಮತ್ತೆ ಹಾಡಲು ಒಪ್ಪಿ, ಓಮಾಳ ಕೈಹಿಡಿದು ವೇದಿಕೆಗೆ ಕರೆತಂದ.

"ಇದು ಯಾರ ಹಾಡೋ ನಂಗೊತ್ತಿಲ್ಲ," ಎಂದ ಜನರಿಗೂ ರೇಡಿಯೋದವರಿಗೂ. "ಎರಡು ಚರಣ ನನ್ನ ಬಾಯಿಂದ ಬಂತು, ಒಂದು ಇವರ ಬಾಯಿಂದ. ಇಬ್ಬರ ಹೆಸರೂ ಹಾಕ್ಕೊಳ್ಳಿ."

ತನ್ನದನ್ನು ಹಾಡಿ ಅವಳತ್ತ ತಿರುಗಿದ. ಓಮಾ ಕಣ್ಣು ಮುಚ್ಚಿ ಶುರುಮಾಡಿದಳು. ಅದು ಅಂದಿನ ಚರಣವಲ್ಲ. ಈ ಸಲ ಗಂಡ ಗಣಿಯಿಂದ ಮನೆಗೆ ಬಂದ, ಅಂಗಿ ಇನ್ನೂ ಒಣಗಿಲ್ಲವೆಂದು ಗೊಣಗಿದ. ಕೆಲವರು ನಕ್ಕರು, ಕೆಲವರು ಕಣ್ಣೊರೆಸಿಕೊಂಡರು.

ಹರ್ಷೆಲ್ ನನ್ನ ಮುಖ ನೋಡಿದ. ನಾನು ಪಿಟೀಲು ನಿಲ್ಲಿಸಲಿಲ್ಲ. ಅವನೂ ಗಿಟಾರಿಗೆ ಕೈಹಾಕಿದ, ಅವಳ ಹಾಡು ಎಲ್ಲಿಗೆ ಹೋದರೆ ಅಲ್ಲಿಗೆ ಹಿಂದೆಯೇ ಹೋದ.