ಶ್ರೀವಾಣಿಗೆ ಬಂದ ಖೋ

ನನ್ನ ಬಾಯಿ ಜೋರು ಅಂತ ಮಾದಮಂಗಲದ ಹೈಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತು. ಪಿಟಿ ಮೇಡಂ ಗಂಗಾಲಕ್ಷ್ಮಿಗೆ ಸೀಟಿ ಯಾಕೆ ಬೇಕು, ಕೂಗಿದ್ರೆ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿಗೇ ಕೇಳಿಸುತ್ತೆ ಅಂತ ಹೆಡ್‌ಮಾಸ್ಟರ್ ಅಮರನಾಥ್ ಆಡಿಕೊಳ್ತಾರೆ. ಆಡಿಕೊಳ್ಳಲಿ ಬಿಡಿ. ಆ ವರ್ಷ ಬಾಯಿ ಇಲ್ಲದವರು ನಮ್ಮ ಸ್ಕೂಲಲ್ಲಿ ಬಾಳೋ ಹಾಗೇ ಇರಲಿಲ್ಲ.

ಜೂನ್ ತಿಂಗಳಲ್ಲಿ ಚಿಂತಲಪಲ್ಲಿ ಹೈಸ್ಕೂಲಿಗೆ ಮಕ್ಕಳು ಸಾಲದು ಅಂತ ಬೀಗ ಹಾಕಿ, ಇದ್ದಬದ್ದವರನ್ನೆಲ್ಲ ನಮ್ಮಲ್ಲಿಗೆ ತಂದು ಸುರಿದರು. ಹಿಂದೆಯೇ ಟ್ರ್ಯಾಕ್ಟರಿನಲ್ಲಿ ಅವರ ಬೆಂಚುಗಳೂ ಬಂದವು, ಒಂದೊಂದರ ಮೇಲೂ ಕೆಂಪು ಪೇಂಟಲ್ಲಿ ಅವರೂರಿನ ಹೆಸರು. ನಮ್ಮ ಮಕ್ಕಳು ಆ ಬೆಂಚಲ್ಲಿ ಕೂರಲ್ಲ ಅಂದವು. ಅವು ಅದು ಬಿಟ್ಟು ಬೇರೆದರಲ್ಲಿ ಕೂರಲ್ಲ ಅಂದವು. ಅವರ ಮನೆಮಾತು ತೆಲುಗು; ಕ್ಲಾಸಲ್ಲಿ ಕನ್ನಡ ತಡವರಿಸಿದರೆ ನಮ್ಮವು ಕಿಸಕ್ಕಂತ ನಗೋವು, ಹೊರಗೆ ಬಂದ ಮೇಲೆ ಅವು "ಪೋವೇ", ಹೋಗೇ ಅಂತ ಮುಖಕ್ಕೆ ಉಗಿದ ಹಾಗೆ ಅನ್ನೋವು. ನಮ್ಮ ಸ್ಟಾಫ್ ರೂಮೇನು ಕಮ್ಮಿಯಾ? ಅಲ್ಲಿಂದ ಬಂದ ಮೇಷ್ಟ್ರುಗಳು ಕಿಟಕಿ ಪಕ್ಕ, ನಮ್ಮವರು ಬೀರು ಪಕ್ಕ, ಟೀ ಫ್ಲಾಸ್ಕೂ ಬೇರೆಬೇರೆ. ದೊಡ್ಡವರೇ ಹಿಂಗಿದ್ರೆ ಮಕ್ಕಳಿಗೆ ಯಾವ ಮುಖ ಇಟ್ಕೊಂಡು ಬುದ್ಧಿ ಹೇಳೋದು?

ಎರಡು ಸ್ಕೂಲಿಗೂ ಹುಡುಗೀರ ಖೋ ಖೋ ತಂಡ ಇತ್ತು. ಈಗ ಒಂದೇ ತಂಡ ಕಟ್ಟಬೇಕು, ಕಟ್ಟೋಳು ನಾನು. ನಮ್ಮ ಕಡೆ ರಮ್ಯ, ಮಾವಿನ ಮಂಡಿಯವರ ಮಗಳು, ಹಿಂದಿನ ವರ್ಷದ ಕ್ಯಾಪ್ಟನ್. ಅವರ ಕಡೆ ಶ್ರೀವಾಣಿ, ಅವಳೂ ಅವರ ಕ್ಯಾಪ್ಟನ್ನೇ. ಇಬ್ಬರೂ ಹತ್ತನೇ ಕ್ಲಾಸು. ನಿಜ ಹೇಳ್ತೀನಿ, ಶ್ರೀವಾಣಿಯಂಥ ಕಾಲು ನಾನು ಈ ಕೆಲಸಕ್ಕೆ ಸೇರಿದ ಮೇಲೆ ನೋಡಿಲ್ಲ. ರಮ್ಯನೂ ಅದನ್ನ ಮೊದಲನೇ ದಿನವೇ ನೋಡಿದಳು. ಅಲ್ಲಿಗೆ ಹತ್ತಿಕೊಂಡಿತು.

ಶ್ರೀವಾಣಿಗೆ ಆಟ ಬರೀ ಆಟ ಆಗಿರಲಿಲ್ಲ. ಅವರಪ್ಪ ಸೊಣ್ಣಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕೋನು. ಊರಲ್ಲಿ ಸ್ಕೂಲಿದ್ದಾಗ ಓದ್ಲಿ ಅಂತಿದ್ದ. ಈಗ ಬಸ್ಸು ಹತ್ತಿಸಿ ಕಳಿಸೋಕೆ ಮನಸ್ಸಿಲ್ಲ. ಹತ್ತನೇದು ಸಾಕು, ವಯಸ್ಸು ತುಂಬೋ ತನಕ ಹುಳಕ್ಕೆ ಸೊಪ್ಪು ಹಾಕ್ಲಿ, ಆಮೇಲೆ ಅಕ್ಕನ ಹಾಗೆ ಕೆಲಸಕ್ಕೆ ನರಸಾಪುರದ ಕಂಪನಿ ಬಸ್ಸು ಹತ್ತಲಿ ಅಂತ ನನಗೇ ಹೇಳಿದ. ಕೋಲಾರದ ಸ್ಪೋರ್ಟ್ಸ್ ಹಾಸ್ಟೆಲಲ್ಲಿ ಸೀಟು ಸಿಕ್ಕಿದ್ರೆ ಊಟ, ವಸತಿ, ಕಾಲೇಜು ಎಲ್ಲ ಅವರದೇ, ಆಗ ಕಳಿಸ್ತೀಯಾ ಅಂತ ಕೇಳಿದೆ. ತಲೆ ಕೆರೆದುಕೊಂಡು, ಸಿಕ್ಕಿದ್ರೆ ಕಳಿಸ್ತೀನಿ ಅಂದ. ಹಾಸ್ಟೆಲಿನವರು ಜಿಲ್ಲಾ ಫೈನಲ್ ನೋಡಿ ಹುಡುಗೀರನ್ನ ಆರಿಸ್ತಾರೆ. ಅಂದ್ರೆ ನಾವು ಫೈನಲ್ ಮುಟ್ಟಬೇಕು, ಅವಳು ಅಲ್ಲಿ ಆಡಿ ತೋರಿಸಬೇಕು.

ಖೋ ಖೋ ಗೊತ್ತಲ್ಲ. ಎಂಟು ಜನ ಸಾಲಾಗಿ ಕೂರ್ತಾರೆ, ಒಬ್ಬಳು ಎದುರಾಳಿಯನ್ನ ಅಟ್ಟಿಸಿಕೊಂಡು ಹೋಗ್ತಾಳೆ, ಆದರೆ ಸಾಲಿನ ನಡುವೆ ನುಸುಳೋ ಹಾಗಿಲ್ಲ. ತನ್ನ ಕೈಗೆ ಸಿಗಲ್ಲ ಅನ್ನಿಸಿದರೆ ಕೂತವಳ ಬೆನ್ನು ಮುಟ್ಟಿ ಖೋ ಅನ್ನಬೇಕು. ಅವಳು ಎದ್ದು ಓಡಬೇಕು, ಇವಳು ಆ ಜಾಗದಲ್ಲಿ ಕೂರಬೇಕು. ಕೊಟ್ಟ ಮೇಲೆ ಕೊಟ್ಟವಳು ಓಡೋ ಹಾಗಿಲ್ಲ. ಬೆನ್ನಿಗೆ ಕೈ ಬೀಳದೆ ಎದ್ದರೂ ಫೌಲು.

ನಮ್ಮ ಹುಡುಗೀರು, ಮಹಾತಾಯಂದಿರು, ಏನು ಮಾಡಿದ್ರು ಅಂದ್ರೆ, ತಮ್ಮ ಊರಿನವಳಿಗೆ ಬಿಟ್ಟು ಬೇರೆಯವಳಿಗೆ ಖೋ ಕೊಡ್ತಿರಲಿಲ್ಲ. ಎದುರಾಳಿ ಪಕ್ಕದಲ್ಲೇ ನಿಂತು ಹಲ್ಲು ಕಿರಿಯುತ್ತಿದ್ರೂ ಸರಿ, ಕಂಬದ ತನಕ ಓಡಿ ಸುತ್ತು ಹಾಕ್ಕೊಂಡು ಬಂದು ತಮ್ಮವಳ ಬೆನ್ನೇ ಹುಡುಕೋವು. ಎಂಥಾ ಕೊಬ್ಬು ನೋಡಿ. ನಾನು ಬೈದೆ, ಬಿಸಿಲಲ್ಲಿ ಮೈದಾನ ಸುತ್ತಿಸಿದೆ, ಇಲ್ಲಿಯವಳೊಬ್ಬಳು ಅಲ್ಲಿಯವಳೊಬ್ಬಳು ಅಂತ ಬೆರೆಸಿ ಕೂರಿಸಿದೆ. ಆಗಸ್ಟ್ ಹೊತ್ತಿಗೆ ಖೋ ಕೊಡೋಕೆ ಶುರು ಮಾಡಿದ್ರು, ಆದರೆ ಬಡಿದು ಕೊಡೋರು. ಬೆನ್ನ ಮೇಲೆ ಐದೂ ಬೆರಳು ಏಳೋದು. ಬಡಿದ್ರೆ ಬಡೀಲಿ, ಕೊಟ್ರಲ್ಲ ಅಂತ ಸುಮ್ಮನಾದೆ. ತಾಲ್ಲೂಕು ಗೆದ್ದೇಬಿಟ್ವಿ.

ರಮ್ಯ ಮಾತ್ರ ಜಗ್ಗಲಿಲ್ಲ. ಚಿಂತಲಪಲ್ಲಿಯ ಉಳಿದ ಮೂರು ಜನಕ್ಕೆ ಕೊಟ್ಟಳು, ಶ್ರೀವಾಣಿಗೆ ಕೊಡಲಿಲ್ಲ. ಮೊದಮೊದಲು ರಮ್ಯನ ಹೆಜ್ಜೆ ಹತ್ತಿರ ಬಂದಾಗ ಶ್ರೀವಾಣಿ ಪಾದ ಒತ್ತಿ ಏಳೋಕೆ ಸಿದ್ಧ ಆಗೋಳು. ರಮ್ಯ ಬೆನ್ನ ಹತ್ತಿರ ಕೈ ತಂದು, ಮುಟ್ಟದೆ ದಾಟಿ ಹೋಗೋಳು. ಈ ಪೆಚ್ಚಿ ಎದ್ದುಬಿಡೋಳು, ಫೌಲು. ನಮ್ಮ ಕಡೆಯವು ಹೋ ಅಂತ ನಗೋವು. ರಮ್ಯನ್ನ ಕರೆದು ಗದರಿಸಿದರೆ, ಕಣ್ಣಲ್ಲಿ ಕಣ್ಣಿಟ್ಟು, "ಕೊಡಲ್ಲ ಮೇಡಂ. ಬೇಕಾದ್ರೆ ಟೀಮಿಂದ ತೆಗೀರಿ," ಅಂದಳು. ತೆಗೆದರೆ ಫೈನಲ್ ಎಲ್ಲಿಂದ ಬರುತ್ತೆ? ಅಮರನಾಥ್ ಸಾರ್ ಹತ್ತಿರ ಹೋದರೆ, ಅವರಪ್ಪ ಸ್ಕೂಲಿಗೆ ಫ್ಯಾನ್ ಹಾಕಿಸಿಕೊಟ್ಟಿದ್ದಾರೆ ಮೇಡಂ, ನೋಡ್ಕೊಂಡು ಹೋಗಿ ಅಂದರು. ಫ್ಯಾನಿನ ಗಾಳಿ ಕುಡ್ಕೊಂಡು ಆಡೋಕಾಗುತ್ತಾ ಅಂತ ಅಂದುಬಿಟ್ಟು ಬಂದೆ.

ದಸರಾ ರಜೆ ಮುಗಿಯೋ ಹೊತ್ತಿಗೆ ಶ್ರೀವಾಣಿ ಫೌಲು ಮಾಡೋದು ನಿಂತುಹೋಯ್ತು. ರಮ್ಯ ಹಿಂದಿನಿಂದ ಬಂದರೆ ಅವಳು ಅಲ್ಲಾಡ್ತಾನೇ ಇರಲಿಲ್ಲ. ಕಲಿತಳಲ್ಲ ಅಂತ ನನಗೆ ಸಮಾಧಾನ ಆಯ್ತು.

ಕೋಲಾರದ ಸ್ಟೇಡಿಯಮ್ಮಲ್ಲಿ ಮಾಲೂರಿನವರಿಗೆ ಸೆಮಿಫೈನಲ್ಲಲ್ಲಿ ಮಣ್ಣು ಮುಕ್ಕಿಸಿದ್ವಿ. ಫೈನಲ್ಲಿಗೆ ಮುಳಬಾಗಿಲು. ಹಾಸ್ಟೆಲಿನ ಇಬ್ಬರು ಕೋಚುಗಳು ಶಾಮಿಯಾನದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತಿದ್ರು. ಸೊಣ್ಣಪ್ಪನೂ ಬಂದಿದ್ದ, ಇಸ್ತ್ರಿ ಅಂಗಿ ಹಾಕ್ಕೊಂಡು, ಗೇಟಿನ ಪಕ್ಕ ಒಬ್ಬನೇ ನಿಂತಿದ್ದ.

ಕೊನೇ ನಿಮಿಷ. ಇನ್ನೊಬ್ಬಳು ಔಟಾದರೆ ಗೆದ್ದ ಹಾಗೆ. ಅಟ್ಟಿಸುತ್ತಿದ್ದವಳು ರಮ್ಯ. ಮುಳಬಾಗಿಲಿನ ಹುಡುಗಿ ಸಾಲು ನುಸುಳಿ ಆ ಕಡೆ ಹೋಗಿ ನಿಂತಳು, ಸರಿಯಾಗಿ ಶ್ರೀವಾಣಿಯ ಮುಂದೆ. ಆ ಹುಡುಗಿಗೆ ಏದುಸಿರು ಹತ್ತಿತ್ತು, ಮಂಡಿ ಹಿಡ್ಕೊಂಡು ಬಗ್ಗಿದ್ದಳು. ಶ್ರೀವಾಣಿ ಎದ್ದು ಕೈ ಚಾಚಿದರೆ ಮುಗೀತು. ರಮ್ಯ ಎಂದಿನ ಹಾಗೆ ದಾಟಿ ಓಡ್ತಾಳೆ, ನಮ್ಮ ಕಥೆ ಮುಗೀತು ಅಂತ ನಾನು ಕಣ್ಣು ಮುಚ್ಚಿದೆ.

ಖೋ ಅಂತ ಕೇಳಿಸ್ತು. ಕಣ್ಣು ಬಿಟ್ಟರೆ ರಮ್ಯನ ಕೈ ಶ್ರೀವಾಣಿಯ ಬೆನ್ನ ಮೇಲಿದೆ.

ಶ್ರೀವಾಣಿ ಏಳಲಿಲ್ಲ.

ನಾನು ಕೂಗಿದೆ. ರಮ್ಯ ಮತ್ತೆ ಬೆನ್ನು ತಟ್ಟಿದಳು. ಇವಳು ತಿರುಗಿ ರಮ್ಯನ ಮುಖ ನೋಡಿದಳು, ಆಮೇಲೆ ಗಾಬರಿಬಿದ್ದು ಎದ್ದಳು. ಅಷ್ಟರಲ್ಲಿ ಮುಳಬಾಗಿಲಿನವಳು ಕಂಬ ದಾಟಿದ್ದಳು. ಸೀಟಿ ಆಯ್ತು.

ರಮ್ಯ ಮಣ್ಣಲ್ಲಿ ಕೂತು, ಕೊಟ್ಟೆ ಅಲ್ವಾ ಮೇಡಂ, ಕೊಟ್ಟೆ ಅಲ್ವಾ ಅಂತ ಕೋಪದಲ್ಲಿ ಅತ್ತಳು. ಅವಳ ಹೆಸರನ್ನ ಕೋಚುಗಳು ಬರೆದುಕೊಂಡರು. ಶ್ರೀವಾಣಿ ವಿಷಯ ನಾನೇ ಹೋಗಿ ಕೇಳಿದ್ದಕ್ಕೆ, ಕಾಲು ಚೆನ್ನಾಗಿದೆ ಮೇಡಂ, ಖೋ ಬಿದ್ದಾಗ ಏಳದವಳನ್ನ ತಗೊಂಡು ಏನು ಮಾಡೋದು ಅಂದರು. ಗೇಟಿನ ಹತ್ತಿರ ಸೊಣ್ಣಪ್ಪ ಮಗಳ ಬ್ಯಾಗು ಹೆಗಲಿಗೆ ಹಾಕ್ಕೊಂಡು ಬಸ್ಸು ವಿಚಾರಿಸ್ತಾ ಇದ್ದ.

ನಲ್ಲಿ ಹತ್ತಿರ ಮುಖ ತೊಳೀತಿದ್ದ ಶ್ರೀವಾಣಿಯ ರಟ್ಟೆ ಹಿಡಿದೆ. ವರ್ಷವೆಲ್ಲ ಇದಕ್ಕೇನೇ ಬಡ್ಕೊಂಡಿದ್ದು, ಕಿವಿ ಸತ್ತಿತ್ತಾ ನಿಂಗೆ, ಬೆನ್ನು ಸತ್ತಿತ್ತಾ ಅಂತ ಕೇಳಿದೆ. ಅವಳು ಬಿಡಿಸ್ಕೊಳ್ಳಲಿಲ್ಲ, ಅಳಲೂ ಇಲ್ಲ.

"ಖೋ ಅಂದಿದ್ದು ಕೇಳಿಸ್ತು ಮೇಡಂ, ಬೇರೆ ಯಾರಿಗೋ ಅನ್ಕೊಂಡೆ. ಕೈ ತಪ್ಪಿ ತಾಗ್ತೇನೋ ಅನ್ಕೊಂಡೆ," ಅಂದಳು.