ಬರ್ತೀನಿ ಎಂದು ಹೇಳಿ ಹೋದವರು

ನಾನು ಹೊತ್ತಿನ ಲೆಕ್ಕ ಬರೆಯುವ ಒಂದು ತಂತ್ರಾಂಶ. ಮುಳ್ಳಿಲ್ಲ, ಗಂಟೆಯ ಸದ್ದಿಲ್ಲ, ಆದರೂ ಗಡಿಯಾರದ ಕುಲದವನೇ. ಧಾರವಾಡದ ಒಂದು ಡಿಟಿಪಿ ಅಂಗಡಿಯಲ್ಲಿ ಹುಟ್ಟಿದೆ. ನೋಡಿ ನೋಡಿಯೇ ಕಂಪ್ಯೂಟರ್ ಕಲಿತ ನಸೀಮಾ ನನ್ನನ್ನು ಬರೆದವಳು.

ಯಾರಾದರೂ ಎಡಿಟರ್ ತೆರೆದು ಟೈಪ್ ಮಾಡಲು ಕುಳಿತರೆ ನಾನು ಒಂದು ಸಾಲು ಶುರು ಮಾಡುತ್ತೇನೆ. ಏಳುವಾಗ ‘ಮುಗಿಯಿತು’ ಎಂಬ ಗುಂಡಿ ಒತ್ತಿದರೆ ಸಾಲು ಪೂರ್ತಿ. ಒತ್ತದೆ ಎಡಿಟರ್ ಮುಚ್ಚಿದರೆ ನಾನು ಬಾಗಿಲು ಕಾಯುತ್ತ ನಿಂತಿರುತ್ತೇನೆ, ಹೊತ್ತು ಓಡುತ್ತಲೇ ಇರುತ್ತದೆ.

ಅಂಗಡಿಯಲ್ಲಿ ಟೈಪ್ ಮಾಡುವವರಲ್ಲಿ ಕಮಲಾಕ್ಷಿ ಅಕ್ಕ ಒಬ್ಬರೇ ಗುಂಡಿ ಒತ್ತುತ್ತಿರಲಿಲ್ಲ. ಅವರು ಟೈಪ್ ಮಾಡುತ್ತಿದ್ದದ್ದು ಧಾರವಾಡ ಸೀಮೆಯ ಮಾತುಗಳ ದೊಡ್ಡ ನಿಘಂಟು. ಒಂದೊಂದು ಪದವನ್ನೂ ಬಾಯಲ್ಲಿ ಅಂದು ನೋಡುವರು. “ಇದು ನಮ್ಮವ್ವನ ಮಾತು” ಎಂದು ನನಗೇ ಹೇಳಿದಂತೆ ಹೇಳುವರು.

ತಿಂಗಳ ಕೊನೆಗೆ ಅಂಗಡಿಯ ಮಾಲೀಕ ಮಡಿವಾಳಪ್ಪನವರು ನನ್ನನ್ನು ತೆರೆದರು.

“ಅಕ್ಕಾರ, ಹಗಲೂ ರಾತ್ರಿ ಟೈಪ್ ಮಾಡೀರಿ ಅಂತ ತೋರಸ್ತೈತಿ. ರವಿವಾರ ಅಂಗಡಿ ಬಂದ್, ಅವತ್ತೂ ಮಾಡೀರಿ. ನಿಮ್ಮ ಬೆರಳಿಗೆ ನಿದ್ದಿ ಬರಂಗಿಲ್ಲೇನ್ರಿ?”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

“ಲೆಕ್ಕ ನೆಟ್ಟಗಿಲ್ಲದ ಮ್ಯಾಲೆ ನಿಘಂಟು ನಿಮ್ಮ ಕೈಯಾಗ ಹೆಂಗ ಬಿಡ್ಲಿ? ನಾಳಿಂದ ಬ್ಯಾರೇದವ್ರು ಮಾಡ್ತಾರ,” ಎಂದರು ಮಾಲೀಕರು.

“ಒಂದು ದಿನ ತಡೀರಿ ಸರ್,” ಎಂದಳು ನಸೀಮಾ. “ತಪ್ಪು ನಾ ಮಾಡಿದ್ದರಾಗ ಇರಬೇಕು.”

ಅವಳು ನನ್ನ ಹೊಟ್ಟೆಯನ್ನೆಲ್ಲ ಹುಡುಕಿದಳು. ಏನೂ ಸಿಗಲಿಲ್ಲ. ತಪ್ಪು ನನ್ನದಲ್ಲ ಎನ್ನಲು ನನಗೆ ಬಾಯಿ ಎಲ್ಲಿದೆ? ಸಂಜೆ ಸ್ಟೂಲ್ ಎಳೆದುಕೊಂಡು ಅಕ್ಕನ ಪಕ್ಕದಲ್ಲೇ ಕುಳಿತಳು. ಅಂಗಡಿಯ ದೇವರ ಪಟದ ಮುಂದೆ ಯಾರೋ ದೀಪ ಹಚ್ಚಿದರು. ಅಕ್ಕ ಕೆಲಸ ಸೇವ್ ಮಾಡಿದರು, ಮೌಸನ್ನು ಗುಂಡಿಯ ತನಕ ಒಯ್ದರು, ಹಿಂದಕ್ಕೆ ತಂದರು, ಎಡಿಟರ್ ಮುಚ್ಚಿಬಿಟ್ಟರು.

“ಯಾಕ ಒತ್ತಲಿಲ್ರಿ ಅಕ್ಕಾರ?”

“ದೀಪ ಹಚ್ಚೂ ಹೊತ್ತಿನಾಗ ‘ಮುಗೀತು’ ಅಂತ ಎದ್ದು ಹೋಗೂದೇನವಾ? ಮನಿ ಬಿಡೂ ಮುಂದ ‘ಹೋಗ್ತೀನಿ’ ಅಂತೀವೇನು? ‘ಬರ್ತೀನಿ’ ಅಂತೀವಿ. ಅರ್ಧಾ ನಿಘಂಟು ಇನ್ನೂ ಉಳದೈತಿ.”

“ಮೊದಲ ಹೇಳಬಾರದೇನ್ರಿ?”

“ನಗ್ತೀರಿ ಅಂತ ಸುಮ್ಮನಿದ್ದೆ.”

ನಸೀಮಾ ನಕ್ಕಳು, ನಗುತ್ತಲೇ ಗುಂಡಿಯ ಮೇಲಿನ ಮಾತು ಬದಲಿಸಿದಳು: ‘ಬರ್ತೀನಿ’. ಅಕ್ಕ ಪ್ರತಿದಿನ ಕೊನೆಗೆ ಸೇವ್ ಮಾಡಿದ ಹೊತ್ತು ಕಂಪ್ಯೂಟರಿನಲ್ಲಿ ಇದ್ದೇ ಇತ್ತು. ಅದನ್ನು ಹಿಡಿದು ನನ್ನ ಅರ್ಧ ಸಾಲುಗಳನ್ನೆಲ್ಲ ಮುಚ್ಚಿದಳು. ಎಷ್ಟೋ ದಿನದಿಂದ ನಿಂತೇ ಇದ್ದವನಿಗೆ ಕೂರಲು ಮಣೆ ಹಾಕಿದಂತಾಯಿತು.

ಬೆಳಿಗ್ಗೆ ಮಡಿವಾಳಪ್ಪನವರು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಎಲ್ಲಾರಕಿಂತ ಹೆಚ್ಚಿನ ಕೆಲಸ ನಿಮ್ಮದ ಐತಲ್ರಿ. ತಗೋರಿ, ನಿಘಂಟು ನಿಮ್ಮದ.”

ಊಟಕ್ಕೆ ಏಳುವಾಗ ಅಕ್ಕನೂ ಗುಂಡಿ ಒತ್ತಿಯೇ ಎದ್ದರು.

ಆಮೇಲೆ ನಾನು ಪೆನ್‌ಡ್ರೈವ್ ಹತ್ತಿ ಗದಗ, ಹಾವೇರಿಯ ಅಂಗಡಿಗಳಿಗೂ ಹೋದೆ. ನಿಘಂಟಿನ ಕೊನೆಯ ಪದ ಟೈಪಾದ ದಿನ ಎಲ್ಲರೂ ಅಕ್ಕನ ಸುತ್ತ ನಿಂತಿದ್ದರು.

“ಇವತ್ತರ ‘ಮುಗೀತು’ ಅನ್ರಿ ಅಕ್ಕಾರ,” ಎಂದು ನಸೀಮಾ ಕೆಣಕಿದಳು.

“ಎರಡನೇ ಮುದ್ರಣ ಯಾರು ಮಾಡೋರು, ನಿಮ್ಮಪ್ಪನಾ?” ಎಂದು ಅಕ್ಕ ‘ಬರ್ತೀನಿ’ ಒತ್ತಿದರು. ಅಂಗಡಿಯೆಲ್ಲ ಚಪ್ಪಾಳೆ.

ಈಗ ನನಗಿಂತ ಚುರುಕಾದ ಹೊಸ ತಂತ್ರಾಂಶಗಳು ಬಂದಿವೆ. ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ, ಹೂವಿನ ಬಟ್ಟೆ ಹೊದ್ದು ಕುಳಿತಿದ್ದೇನೆ. ಬೇಸರವಿಲ್ಲ. ನನ್ನೊಳಗೆ ಅರ್ಧಕ್ಕೆ ನಿಂತ ಸಾಲು ಒಂದೂ ಇಲ್ಲ. ಎದ್ದು ಹೋದವರೆಲ್ಲ ಬರ್ತೀನಿ ಎಂದು ಹೇಳಿಯೇ ಹೋಗಿದ್ದಾರೆ.